ಕೊಯ್ಯದಮೂಲೆ

ಹಸಿದವರ ಪಾಲಿನ ನೆಲವನ್ನು ಗಡಿಹೊಸೂರು ಕದ್ದಿದೆ. ಬಸ್ ನಿಲ್ದಾಣದ ಹಿಂದೆ, ಬಟ್ಟೆ ಅಂಗಡಿಗಳ ಸಾಲು ಮುಗಿಯುವಲ್ಲಿರುವ ಆ ತುಂಡು ನೆಲಕ್ಕೆ ಕೊಯ್ಯದಮೂಲೆ ಎಂದು ಹೆಸರು. ವಾರಸುದಾರರಿಲ್ಲ ಎಂದು ಪುರಸಭೆ ಈಗ ಅದರ ಸುತ್ತ ಮುಳ್ಳುತಂತಿ ಎಳೆದಿದೆ; ನಿವೇಶನ ಮಾರಾಟಕ್ಕಿದೆ, ತಕರಾರಿದ್ದವರು ಸೋಮವಾರ ಬಂದು ಹೇಳಿ ಎಂಬ ಹಲಗೆ ನೆಟ್ಟಿದೆ.

ಹಿಂದೆ ಒಮ್ಮೆ, ರೈಲು ಬಂದು ಎರಡು ಸೀಮೆಗಳ ನಡುವಿನ ಈ ಗಡಿಯೂರು ವರ್ಷಕ್ಕೊಂದು ಪೇಟೆ ಬೆಳೆಸಿಕೊಳ್ಳುತ್ತಿದ್ದಾಗ, ಬಾಗ್ದಾದಿನಿಂದ ಹೆಸ್ಕೇಲ್ ಎಂಬ ಯಹೂದಿಯೂ ಅವನ ಹೆಂಡತಿ ಮಸೂದಾಳೂ ಬಂದು ಇಲ್ಲಿ ಎರೆಹೊಲ ಕೊಂಡರು. ಸುಗ್ಗಿಯಲ್ಲಿ ಹೊಲದ ಒಂದು ಮೂಲೆಯ ಜೋಳವನ್ನು ಕೊಯ್ಯದೆ ಬಿಡುವುದು ಅವರ ಧರ್ಮ, ಅದು ಬಡವರದು. ನಸುಕಿನಲ್ಲಿ ಸೆರಗು ಮುಚ್ಚಿಕೊಂಡು ಬರುವ ಹೆಂಗಸರು ನಾಚಬಾರದೆಂದು ಗಂಡಹೆಂಡತಿ ಆ ದಿನಗಳಲ್ಲಿ ಬಾಗಿಲು ಕಿಟಕಿ ಮುಚ್ಚಿ ಒಳಗೇ ಕೂರುತ್ತಿದ್ದರು. ಯಾರಿಗೂ ಕಾರಣ ಹೇಳಲಿಲ್ಲ. ಅವರು ಮಾಡಿದ ತಪ್ಪು ಅದೊಂದೇ ಎನ್ನುತ್ತಾರೆ. ನಾಲ್ಕನೆಯ ಸುಗ್ಗಿಯ ಹೊತ್ತಿಗೆ ಊರಿಗೆ ಪ್ಲೇಗು ಬಂತು. ಪರದೇಶಿಗಳು ಮೂಲೆಯನ್ನು ಮಾರಿಗೆ ಮೀಸಲಿಟ್ಟಿದ್ದಾರೆ, ಕದ ಹಾಕಿಕೊಂಡು ಅವಳನ್ನು ಕರೆಯುತ್ತಾರೆ ಎಂದು ಸುದ್ದಿ ಹಬ್ಬಿತು.

ಒಂದು ಮಧ್ಯಾಹ್ನ ಹಮಾಲರ ಮೇಸ್ತ್ರಿ ಹುಚ್ಚೀರಪ್ಪ ಊರ ಮಂದಿಯನ್ನು ಕಟ್ಟಿಕೊಂಡು, ಸೀಮೆಎಣ್ಣೆ ಡಬ್ಬಿ ಹಿಡಿದು ಅಂಗಳಕ್ಕೆ ಬಂದ. ಆ ಮೂಲೆಯನ್ನು ತಮ್ಮೆದುರೇ ಕೊಯ್ದು ಸುಡಬೇಕು, ಇಲ್ಲವಾದರೆ ಮನೆಯನ್ನೇ ಸುಡುತ್ತೇವೆ ಎಂದ. ಒಳಗೆ ಹೆಸ್ಕೇಲ್ ಹೆದರಿ, ಮೂಲೆಯನ್ನು ಕೊಯ್ದೇಬಿಡಲು ಕುಡುಗೋಲು ಎತ್ತಿಕೊಂಡ. ಮಸೂದಾ ಅದನ್ನು ಕಸಿದುಕೊಂಡಳು. ಕದದ ಸಂದಿಯಿಂದ ಸೀಮೆಎಣ್ಣೆಯ ವಾಸನೆ ಬರುತ್ತಿತ್ತು. ಆದರೂ ಕದ ತೆರೆದಳು.

“ಅದು ನಮ್ಮದಲ್ಲ,” ಎಂದಳು. “ಯಾರದೋ ಅವರು ಕೊಯ್ಯಲಿ.”

ಗುಂಪಿನ ಹೆಂಗಸರಲ್ಲಿ ಅರ್ಧ ಜನ ಆ ಜೋಳ ಕೊಯ್ದು ತಂದವರೇ. ಹೇಳಿದರೆ ಮಾನ ಹೋದೀತೆಂಬ ಅಂಜಿಕೆ ಅವರಿಗೆ. ಹುಚ್ಚೀರಪ್ಪ ಡಬ್ಬಿಯ ಮುಚ್ಚಳ ತಿರುಗಿಸಿದ. ಆಗ ಅವನ ಹೆಂಡತಿ ಗೂಳವ್ವನೇ ಮುಂದೆ ಬಂದು ಮಸೂದಾಳ ಕೈಯಿಂದ ಕುಡುಗೋಲು ತೆಗೆದುಕೊಂಡಳು.

“ಮೂರು ಸುಗ್ಗಿ ಇದರ ರೊಟ್ಟೀನ ತಿಂದಿ. ಇನ್ನೊಂದು ಹಾಕು ಅಂತ ಕೇಳಿ ಕೇಳಿ ತಿಂದಿ. ಇದು ಮಾರೀದಾದ್ರ ಮೊದ್ಲ ನಿನ್ನ ಹೊಟ್ಟಿಗೆ ಬೆಂಕಿ ಹಚ್ಚಿಕೋ.”

ಹಾಗೆಂದು ಹೊಲಕ್ಕಿಳಿದು ಕೊಯ್ಯತೊಡಗಿದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಗಂಡಸರು ತಮ್ಮ ತಮ್ಮ ಮನೆಯವರ ಗುರುತು ಹಿಡಿದು ತಲೆ ತಗ್ಗಿಸಿ ಜಾಗ ಖಾಲಿ ಮಾಡಿದರು. ಆದರೆ ಮಸೂದಾ ಸಾಯುವವರೆಗೂ ತನ್ನ ಮನೆಯಲ್ಲಿ ಸೀಮೆಎಣ್ಣೆಯ ದೀಪ ಹಚ್ಚಗೊಡಲಿಲ್ಲ ಎನ್ನುತ್ತಾರೆ.

ಉಳಿದ ಹೊಲವೆಲ್ಲ ಪೇಟೆಯಾಯಿತು; ಮೂಲೆಯನ್ನು ಆ ದಂಪತಿ ಯಾರಿಗೂ ಮಾರಲಿಲ್ಲ. ಮಳೆಗಾಲ ಮುಗಿದಾಗ ಹೋದರೆ, ತಂತಿಯ ಒಳಗೆ ತಾನೇ ಬಿದ್ದು ಹುಟ್ಟಿದ ಜೋಳ ಇಂದಿಗೂ ಕಾಣುತ್ತದೆ. ಉಂಡವರು ಬಾಯಿ ಮುಚ್ಚಿಕೊಂಡದ್ದಕ್ಕೆ ಅಂದು ಎರಡು ಜೀವ ಸುಟ್ಟುಹೋಗುವುದರಲ್ಲಿತ್ತು. ನಿಮ್ಮ ಅಜ್ಜಿ ಅಲ್ಲಿ ಕೊಯ್ದಿದ್ದರೆ, ಸೋಮವಾರ ಪುರಸಭೆಗೆ ಹೋಗಿ, ಮೇಜಿನ ಮುಂದೆ ನಿಂತು, ಅವಳ ಹೆಸರು ಹೇಳಿ.