ಇನ್ನೊಂದು ಕಾಲು

ವಂದನೀಯ ಸಂತಿಯಾಗು ಸ್ವಾಮಿಗಳು ನಮ್ಮ ಶಿಲುಬೆಕೊಪ್ಪಲಿನ ಗುರುಮನೆಯಲ್ಲಿ ಒಂಬತ್ತು ವರ್ಷ ಇದ್ದರು. ಒಂದು ಚಾಪೆ, ಒಂದು ಮಣ್ಣಿನ ಹೂಜಿ, ಮಂಡಿಯ ಹತ್ತಿರ ತಾವೇ ತೇಪೆ ಹಾಕಿಕೊಂಡ ಎರಡು ನಿಲುವಂಗಿ, ಇಷ್ಟೇ ಅವರ ಐಶ್ವರ್ಯ. ಅವರು ದಿನದ ಎಷ್ಟು ಹೊತ್ತು ಪ್ರಾರ್ಥನೆಯಲ್ಲಿರುತ್ತಾರೆಂದು ಆ ತೇಪೆಗಳೇ ಹೇಳುತ್ತಿದ್ದವು. ಅಂಥ ಪುಣ್ಯಾತ್ಮರ ಒಂದು ಪ್ರಸಂಗವನ್ನು ಭಕ್ತಾದಿಗಳ ಮುಂದಿಡುವ ಯೋಗ್ಯತೆ ಈ ತಾಲ್ಲೂಕಿನಲ್ಲಿ ನನಗೊಬ್ಬನಿಗೇ ಇದೆ. ಜಂಬ ಅಲ್ಲ; ಪ್ರಸಂಗ ನಡೆದದ್ದು ನನ್ನ ಕಾಲಿನ ಮೇಲೆ.

ನಾನು ಚೌರಪ್ಪ, ಗಾರೆ ಕೆಲಸದವನು. ನಾನು ಕಟ್ಟಿದ ಗೋಡೆ ನೋಡಿ ಭೂಕಂಪವೇ ದಾರಿ ಬದಲಿಸಿಕೊಂಡು ಹೋದದ್ದನ್ನು ಊರೆಲ್ಲ ಬಲ್ಲದು. ಆ ವರ್ಷದ ತಪಸ್ಸುಕಾಲದ ಉಪವಾಸದ ದಿನಗಳಲ್ಲಿ ಗುರುಮನೆಯ ರಿಪೇರಿಗೆಂದು ಅಂಗಳದಲ್ಲಿ ಸುಣ್ಣ ಕಲಸುತ್ತಿದ್ದೆವು. ಜೊತೆಯವರನ್ನು ನಗಿಸಲು ನಾನು ಜಾಲಿಮುಳ್ಳಿನ ಮೇಲೆ ಎಡಗಾಲೂರಿ ನಿಂತು, "ನೋಡ್ರಪ್ಪ, ಮುಳ್ಳಿಗೇ ನೋವಾಯ್ತು, ನಂಗಾಗ್ಲಿಲ್ಲ" ಎಂದೆ. ಸೇದುತ್ತಿದ್ದ ಬೀಡಿಯನ್ನೂ ಅದೇ ಕಾಲಿನ ಹಿಮ್ಮಡಿಗೆ ಒತ್ತಿ ಆರಿಸಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಾವಿಯಿಂದ ನಮಗೆ ಕುಡಿಯುವ ನೀರು ಸೇದಿ ತರುತ್ತಿದ್ದ ಸ್ವಾಮಿಗಳು ಮಾತ್ರ ನಗಲಿಲ್ಲ. ಕೊಡ ಕೆಳಗಿಟ್ಟು ನನ್ನ ಕಾಲನ್ನೇ ನೋಡುತ್ತ ನಿಂತರು.

ನಿಜ ಹೇಳುತ್ತೇನೆ. ಎರಡು ವರ್ಷದಿಂದ ಆ ಕಾಲಿಗೆ ಬಿಸಿಯೂ ತಿಳಿಯುತ್ತಿರಲಿಲ್ಲ, ತಂಪೂ ತಿಳಿಯುತ್ತಿರಲಿಲ್ಲ. ಮೀನಖಂಡದ ಮೇಲೊಂದು ಬಿಳಿಚಿದ ಮಚ್ಚೆ ಎದ್ದಿತ್ತು. ಹೆಂಡತಿ ಸೂಸಮ್ಮ ಕೇಳಿದಾಗ ಸುಣ್ಣ ಸಿಡಿದದ್ದು ಎಂದಿದ್ದೆ. ಅದು ಕುಷ್ಠವೆಂದು ಒಳಗೊಳಗೇ ಗೊತ್ತಿತ್ತು. ನಮ್ಮ ದೊಡ್ಡಪ್ಪನನ್ನು ಅದೇ ಕಾರಣಕ್ಕೆ ಊರಾಚೆ ಗುಡಿಸಲಲ್ಲಿ ಇಟ್ಟಿದ್ದರು. ಪ್ರಭು ಸಾವಿನಿಂದೆದ್ದ ಪಾಸ್ಖ ಹಬ್ಬ ಮುಗಿದ ವಾರವೇ ಮಗಳು ಲೂರ್ದಮ್ಮನ ಮದುವೆ. ವಿಷಯ ಹೊರಬಿದ್ದರೆ ಮದುವೆ ಮುರಿದ ಹಾಗೆಯೇ. ಆದ್ದರಿಂದ ಜಂಬ ಕೊಚ್ಚುತ್ತಿದ್ದೆ.

ಪ್ರಭು ತಮ್ಮ ಶಿಷ್ಯರ ಪಾದ ತೊಳೆದ ನೆನಪಿಗೆ ಪವಿತ್ರ ಗುರುವಾರದ ಸಂಜೆ ಗುರುಗಳು ಊರಿನ ಹನ್ನೆರಡು ಗಂಡಸರ ಬಲಗಾಲು ತೊಳೆದು ಮುತ್ತಿಡುವುದು ಪದ್ಧತಿ. ಆ ಹನ್ನೆರಡು ಮಂದಿ ವಾರಕ್ಕೆ ಮೊದಲೇ ಬಲಗಾಲನ್ನು ಉಜ್ಜಿ ಉಜ್ಜಿ ಇಡುವುದೂ ನಮ್ಮೂರ ಪದ್ಧತಿಯೇ. ಸೀಗೆಪುಡಿ, ತೆಂಗಿನ ನಾರು, ಇಟ್ಟಿಗೆ ಚೂರು, ಕೊನೆಗೆ ಕೊಬ್ಬರಿ ಎಣ್ಣೆ. ಆ ಸಂಜೆ ನನ್ನ ಬಲಗಾಲಿನ ಹೊಳಪಿಗೆ ಪೀಠದ ಮೇಣದ ಬತ್ತಿಗಳೇ ನಾಚಿಕೊಂಡವು. ಎಡಗಾಲನ್ನು ಹಳೆಯ ಕಾಲುಚೀಲದಲ್ಲಿ ತೂರಿಸಿ ಪಂಚೆಯೊಳಗೆ ಅಡಗಿಸಿದ್ದೆ. ಪಕ್ಕದ ಕುರ್ಚಿಯಲ್ಲಿ ಬೀಗರಾಗಬೇಕಾದ ಇನ್ನಾಸಪ್ಪನವರು. "ಏನ್ ಬೀಗ್ರೇ, ಒಂದ್ ಕಾಲು ಮದುವಣಿಗ, ಇನ್ನೊಂದು ಜ್ವರ ಬಂದು ಮಲ್ಗೈತಾ" ಎಂದು ಕಿವಿಯಲ್ಲಿ ಛೇಡಿಸಿದರು. ಉಳುಕಿದೆ ಎಂದೆ.

ಸ್ವಾಮಿಗಳು ಮೊದಲ ಕುರ್ಚಿಯವನಾದ ನನ್ನ ಮುಂದೆ ಮಂಡಿಯೂರಿದರು. ಬಲಗಾಲನ್ನು ತೊಳೆದು, ಒರೆಸಿ, ಮುತ್ತಿಟ್ಟರು. ಇನ್ನು ಮುಂದಿನವರ ಬಳಿಗೆ ಹೋಗಬೇಕು. ಹೋಗಲಿಲ್ಲ.

"ಇನ್ನೊಂದು" ಎಂದರು, ನನಗಷ್ಟೇ ಕೇಳುವಂತೆ.

ಬೇಡವೆಂದು ತಲೆಯಲ್ಲಾಡಿಸಿದೆ. ಅವರು ಒತ್ತಾಯಿಸಲಿಲ್ಲ, ಏಳಲೂ ಇಲ್ಲ. ಎಪ್ಪತ್ತು ದಾಟಿದ ಆ ಮಂಡಿಗಳು ಕಲ್ಲುಹಾಸಿನ ಮೇಲೆ ನಡುಗುತ್ತಿದ್ದವು. ಹಾಡುವವರು ಹಾಡು ಮುಗಿಸಿ ಮತ್ತೆ ಮೊದಲಿನಿಂದ ಹಿಡಿದರು. ಹುಟ್ಟಿದಾಗಿನಿಂದ ಮಾತಿನ ಬರಗಾಲ ಕಾಣದ ನನ್ನ ಬಾಯಲ್ಲಿ ಆಗ ಒಂದು ತಮಾಷೆಯೂ ಹುಟ್ಟಲಿಲ್ಲ. ಅವರು ಕಾಯುತ್ತಲೇ ಇದ್ದರು. ಕೊನೆಗೆ ಕಣ್ಣು ಮುಚ್ಚಿ ಎಡಗಾಲು ಚಾಚಿದೆ.

ಕಾಲುಚೀಲ ಬಿಚ್ಚಿದ್ದು, ನೀರು ಹೊಯ್ದದ್ದು ನನಗೆ ಸದ್ದಿನಿಂದಷ್ಟೇ ತಿಳಿಯಿತು. ಅವರ ಬೆರಳು ಅಂಗಾಲಿನಿಂದ ಏನನ್ನೋ ಕಿತ್ತಿತು. ಅದು ಹಿತ್ತಾಳೆಯ ಬೋಗುಣಿಯಲ್ಲಿ ಬಿದ್ದು ಟಣ್ ಎಂದಿತು. ಕಣ್ಣು ಬಿಟ್ಟರೆ ನೀರು ಕೆಂಪಗಾಗಿದೆ, ತಳದಲ್ಲಿ ಚಪ್ಪಲಿಯ ಮೊಳೆ. ಎಷ್ಟು ದಿನದಿಂದ ಅದರ ಮೇಲೆ ನಡೆದಾಡುತ್ತಿದ್ದೆನೋ, ದೇವರಾಣೆಗೂ ನನಗೆ ಗೊತ್ತಿರಲಿಲ್ಲ. ಪ್ರಭುವಿನ ಪಾದಕ್ಕೆ ಮೊಳೆ ಹೊಡೆದ ಶುಕ್ರವಾರಕ್ಕೆ ಇನ್ನೊಂದೇ ರಾತ್ರಿ ಬಾಕಿ. ಹಾಡು ನಿಂತುಹೋಯಿತು.

ಸ್ವಾಮಿಗಳು ಮುಖವೆತ್ತಿದರು. ಅವರ ಕಣ್ಣು ತುಂಬಿತ್ತು.

"ನೋವಾಗಬೇಕಿತ್ತಲ್ಲ, ಚೌರಪ್ಪ."

ಅಷ್ಟು ಹೇಳಿ, ಬಾಗಿ, ಆ ಗಾಯಕ್ಕೇ ಮುತ್ತಿಟ್ಟರು. ಇನ್ನಾಸಪ್ಪನವರು ದಡಕ್ಕನೆ ಎದ್ದರು, ಕುರ್ಚಿ ಹಿಂದಕ್ಕೆ ಬಿತ್ತು. ಲೂರ್ದಮ್ಮನ ಮದುವೆ ಇಲ್ಲಿಗೆ ಮುಗಿಯಿತೆಂದುಕೊಂಡೆ. ಆಗ ಸ್ವಾಮಿಗಳು ಮಂಡಿಯೂರಿದಲ್ಲಿಂದಲೇ ಒರೆಸುವ ವಸ್ತ್ರವನ್ನು ಅವರತ್ತ ಚಾಚಿದರು. ಇನ್ನಾಸಪ್ಪನವರು ವಸ್ತ್ರವನ್ನು ನೋಡಿದರು, ಮೊಳೆಯನ್ನು ನೋಡಿದರು, ಹೆಂಗಸರ ಸಾಲಿನಲ್ಲಿ ಬಾಯಿಗೆ ಸೆರಗು ಒತ್ತಿ ನಿಂತಿದ್ದ ನನ್ನ ಮಗಳನ್ನು ನೋಡಿದರು. ಆಮೇಲೆ ಮಂಡಿಯೂರಿ ನನ್ನ ಕಾಲು ಒರೆಸಿದರು.

"ನೋಯ್ತಾ ಐತಾ ಬೀಗ್ರೇ?" ಎಂದರು.

"ಇಲ್ಲ" ಎಂದೆ. ಜಾಲಿಮುಳ್ಳಿನ ಮೇಲೆ ನಿಂತು ಅದೇ ಮಾತನ್ನು ನಗುತ್ತ ಎಷ್ಟು ಸಲ ಹೇಳಿದ್ದೆನೋ. ಅಂದು ಮಾತ್ರ ಹೇಳಿ ಅತ್ತುಬಿಟ್ಟೆ.

ನಮ್ಮೂರಿಗೆ ಬರುವ ಮೊದಲು ಸ್ವಾಮಿಗಳು ಹನ್ನೊಂದು ವರ್ಷ ಕುಷ್ಠರೋಗಿಗಳ ಸೇವೆಯಲ್ಲಿದ್ದರೆಂದು ನಮಗೆ ತಿಳಿದದ್ದೇ ಆಮೇಲೆ. ಸೋಮವಾರ ತಾವೇ ಬಸ್ಸಿನಲ್ಲಿ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ವರ್ಷವಿಡೀ ಮಾತ್ರೆ ನುಂಗಿದೆ, ರೋಗ ಹೋಯಿತು. ಮದುವೆ ಹೇಳಿದ ದಿನವೇ ನಡೆಯಿತು.

ಹಿಮ್ಮಡಿ ಮಾತ್ರ ಇಂದಿಗೂ ಮರಗಟ್ಟಿಯೇ ಇದೆ. ದಿನಾ ಸಂಜೆ ಕಾಲು ತೊಳೆದು, ಅಂಗಾಲಿನ ಕೆಳಗೆ ಕನ್ನಡಿ ಹಿಡಿದು ಗಾಯವಾಗಿದೆಯೇ ನೋಡಿಕೊಳ್ಳಬೇಕೆಂದು ಸ್ವಾಮಿಗಳು ಕಲಿಸಿದರು. ನೋಡಿಕೊಂಡ ಮೇಲೆಯೇ ಪ್ರಾರ್ಥನೆಗೆ ಕೂರುತ್ತೇನೆ. ಈ ದಿನ ಯಾರನ್ನು ನೋಯಿಸಿದೆ, ನೋಯಿಸಿದ್ದು ನನಗೆ ತಿಳಿಯಿತೇ ಎಂದು ಅಲ್ಲೂ ಒಂದು ಕನ್ನಡಿ ಹಿಡಿಯುತ್ತೇನೆ. ಬಹಳ ದಿನ ಒಂದಲ್ಲ ಒಂದು ಮೊಳೆ ಸಿಗುತ್ತದೆ.

ಸ್ವಾಮಿಗಳು ಪ್ರಭುವಿನ ಪಾದ ಸೇರಿ ಬಹಳ ಕಾಲವಾಯಿತು. ನಮ್ಮೂರಿನಲ್ಲಿ ಈಗ ಪವಿತ್ರ ಗುರುವಾರಕ್ಕೆಂದು ಯಾರೂ ಕಾಲು ಉಜ್ಜುವುದಿಲ್ಲ. ಹನ್ನೆರಡು ಮಂದಿಯೂ ಕೆಲಸದಿಂದ ಬಂದ ಹಾಗೇ ಬಂದು ಎಡಗಾಲು ಚಾಚುತ್ತಾರೆ. ಅವರಲ್ಲಿ ಎಲ್ಲರಿಗಿಂತ ಕೊಳಕು ಕಾಲು ಮೊದಲ ಕುರ್ಚಿಯವನದು, ಅಂದರೆ ನನ್ನದು. ಈ ತಾಲ್ಲೂಕಿನಲ್ಲಿ ಯಾರು ಬೇಕಾದರೂ ಪಂದ್ಯಕ್ಕೆ ಬರಲಿ. ಇದು ಮಾತ್ರ ಜಂಬವೇ.