ಮಿಕ್ಕ ಚಪ್ಪಡಿ

"ಗುರುಗಳೇ, ಈ ಸಾವಿರದ ಒಂಬತ್ತರಲ್ಲಿ ಒಂದು ಹೆಚ್ಚಾಗಿದೆ. ಅದನ್ನು ತೆಗೆದುಬಿಟ್ಟರೆ ತಪ್ಪೇನು?" ಎಂದು ಶಿಷ್ಯ ಕೇಳಿದ.

ಬೆಳಗಿನಿಂದ ಅವನು ಬರೆಯುವ ಹಲಗೆ ಹಿಡಿದು ಆ ಸಂಖ್ಯೆಯ ಬೆನ್ನು ಹತ್ತಿದ್ದ. ಎರಡರಿಂದ ಹಿಡಿದು ಮೂವತ್ತೊಂದರವರೆಗೆ ಯಾವುದರಿಂದ ಭಾಗಿಸಿದರೂ ಶೇಷ ಉಳಿಯುತ್ತಿತ್ತು. ಮುಂದೆ ಹೋಗಿ ಫಲವಿಲ್ಲವೆಂದು ಅವನಿಗೆ ತಿಳಿದಿತ್ತು. ಭಾಜಕ ದೊಡ್ಡದಾದರೆ ಭಾಗಲಬ್ಧ ಚಿಕ್ಕದಾಗುತ್ತದೆ. ಆ ಚಿಕ್ಕವನ್ನೆಲ್ಲ ಆಗಲೇ ನೋಡಿಯಾಗಿತ್ತು. ಒಂದನ್ನು ಕಳೆದರೆ ಮಾತ್ರ ಎಷ್ಟು ಸಲೀಸಾಗಿ ಭಾಗವಾಗುತ್ತಿತ್ತು!

ಗುರುಗಳು ಹೇಳಿದರು:

ಒಂದು ಊರಿನವರು ಸಂಜೆ ಹೊತ್ತು ಕೂರಲು ಕೆರೆಯ ದಂಡೆಯಲ್ಲಿ ಕಟ್ಟೆ ಮಾಡಿಸಲು ಹೊರಟರು. ಮನೆಗೊಂದು ಚಪ್ಪಡಿ ಕೊಡಬೇಕು. ಯಾರ ಚಪ್ಪಡಿ ಕಟ್ಟೆಯಲ್ಲಿದೆಯೋ ಅವರಿಗೆ ಅಲ್ಲಿ ಕೂರುವ ಹಕ್ಕು. ಸಾವಿರದ ಒಂಬತ್ತು ಮನೆ. ಸಾವಿರದ ಒಂಬತ್ತು ಚಪ್ಪಡಿ, ಎಲ್ಲವೂ ಒಂದೇ ಅಳತೆಯವು.

ಕಲ್ಲುಕುಟಿಗ ಸಾಲು ಹಾಕಿದ. ಎಷ್ಟು ಸಾಲು ಮಾಡಿದರೂ ಕೊನೆಗೆ ಕೆಲವು ಮಿಗುತ್ತಿದ್ದವು. ಸಾಲಿಗೆ ಮೂವತ್ತಾರರಂತೆ ಇಪ್ಪತ್ತೆಂಟು ಸಾಲು ಮಾಡಿದಾಗ ಒಂದೇ ಒಂದು ಮಿಕ್ಕಿತು. ಸದ್ಯ ಇಷ್ಟಾಯಿತಲ್ಲ ಎಂದು ಅವನು ಬೆವರು ಒರೆಸಿಕೊಂಡ. ಮಿಕ್ಕಿದ್ದು ಒಬ್ಬ ಮುದುಕಿಯ ಚಪ್ಪಡಿ. ಬೇರೆ ಸೀಮೆಯಿಂದ ಬಂದು ಆ ಊರಿನಲ್ಲಿ ನೆಲೆಸಿದವಳು, ಒಂಟಿ.

ಊರ ಯಜಮಾನ ಅವಳನ್ನು ಕರೆಸಿದ. "ಅಜ್ಜಿ, ನಿನ್ನದೊಂದು ಹೆಚ್ಚಾಯ್ತು. ಬೇಜಾರು ಮಾಡ್ಕೋಬೇಡ. ಹೇಗೂ ನೀನು ಆಮೇಲೆ ಬಂದವಳು."

"ಆಗಲಪ್ಪ," ಎಂದಳು ಮುದುಕಿ. "ಒಂದೇ ಒಂದ್ಸಲ ನಿನ್ನ ಕಲ್ಲು ಎತ್ತಿಸಿ ಅಲ್ಲಿ ನನ್ನದು ಇಡಿಸು. ಕಟ್ಟೆ ಸೊಟ್ಟಗಾದರೆ ಬಾಯಿ ಮುಚ್ಚಿಕೊಂಡು ಮನೆಗೆ ಹೋಗ್ತೀನಿ."

ಕಲ್ಲುಕುಟಿಗ ಹಾಗೇ ಮಾಡಿದ. ಕಟ್ಟೆ ಸೊಟ್ಟಗಾಗಲಿಲ್ಲ.

"ಯಜಮಾನರೇ, ಈಗ ನಿಮ್ಮದೇ ಹೆಚ್ಚಾಯ್ತಲ್ಲ!" ಎಂದು ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು. ಸ್ವಲ್ಪ ಹೊತ್ತಿಗೆ ನಗು ನಿಂತಿತು. ಒಬ್ಬೊಬ್ಬರೇ ಹೋಗಿ ತಮ್ಮ ತಮ್ಮ ಚಪ್ಪಡಿಯ ಮೇಲೆ ನಿಂತುಕೊಂಡರು.

ಕಲ್ಲುಕುಟಿಗ ಬಹಳ ಹೊತ್ತು ತಲೆ ಕೆರೆದುಕೊಂಡ. ಆಮೇಲೆ ಎಲ್ಲರನ್ನೂ ಇಳಿಸಿ, ಚಪ್ಪಡಿಗಳನ್ನೆಲ್ಲ ಕಿತ್ತು ಗಾಡಿಗೆ ಹೇರಿದ. ಊರ ಬಾಗಿಲಿನಿಂದ ಶುರುಮಾಡಿ ಒಂದರ ಮುಂದೊಂದು ಇಡುತ್ತ ಬಂದ. ಸಾಲು ಒಂದೇ. ಅದು ಕೆರೆಯವರೆಗೂ ಬಂದು ಮುಟ್ಟಿತು. ಗಾಡಿ ಬರಿದಾಗಿತ್ತು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ದಾರಿಯೇನೋ ಆಯಿತು, ಗುರುಗಳೇ. ಕೂರಲು ಕಟ್ಟೆ?"

"ಹುಲ್ಲಿನ ಮೇಲೆ ಕೂತರು," ಎಂದು ಗುರುಗಳು ಅವನ ಹಲಗೆಯನ್ನು ಅವನತ್ತ ಸರಿಸಿದರು. "ನೀನು ತೆಗೆಯಬೇಕೆಂದೆಯಲ್ಲ ಆ ಒಂದು, ಸಾವಿರದ ಒಂಬತ್ತರಲ್ಲಿ ಅದು ಯಾವುದು, ತೋರಿಸು."