ಯವನಜ್ಜನ ಪದ್ಯಕ್ಕೆ ಅರ್ಥ ಹೇಳಿದ ಬೀರಕ್ಕ

ಬಹಳ ಹಿಂದೆ, ನಮ್ಮಜ್ಜನ ಅಜ್ಜ ಕೂಡ ಹುಟ್ಟಿರದ ಕಾಲದಲ್ಲಿ, ಹೊಳೆ ಸಮುದ್ರ ಸೇರುವ ಕಡೆ ಹಂಗರಕೋಡಿ ಅಂತ ಒಂದು ಊರಿತ್ತು. ಆ ಊರಲ್ಲಿ ಬಲೆ ಹೆಣೆಯುವ ಬೀರಕ್ಕ ಇದ್ದಳು. ಗಂಡನಿಲ್ಲ, ಮಕ್ಕಳಿಲ್ಲ. ಒಂದು ಸಲ ಕಡಲಾಚೆಯ ಗ್ರೀಕರ, ಅಂದರೆ ಯವನರ ಹಡಗೊಂದು ಜ್ವರ ಹಿಡಿದ ಮುದುಕನೊಬ್ಬನನ್ನು ದಡದಲ್ಲಿ ಇಳಿಸಿ ಹೋಯಿತಂತೆ. ಬೀರಕ್ಕ ಅವನನ್ನು ಮನೆಗೆ ಕರೆತಂದು ಗಂಜಿ ಕುಡಿಸಿ ಬದುಕಿಸಿದಳು. ಅವನ ಹೆಸರಿಗೆ ಯಾರ ನಾಲಿಗೆಯೂ ಹೊರಳಲಿಲ್ಲ. ಊರೆಲ್ಲ ಯವನಜ್ಜ ಅಂತಲೇ ಕರೆಯಿತು.

ಅವನ ಹತ್ತಿರ ಇದ್ದದ್ದು ಒಂದು ತೊಗಲಿನ ಸುರುಳಿ. ಅದರಲ್ಲಿ ಅವನ ದೇಶದ ಹಳೇ ಯುದ್ಧದ ಪದ್ಯ. ಅವನು ಓದುವನು, ಬೀರಕ್ಕ ಬಲೆ ಹೆಣೆಯುತ್ತ ಕೇಳುವಳು. ಕೇಳಿ ಕೇಳಿ ಅವಳಿಗೆ ಆ ಮಾತು ಬಂತು, ಆಮೇಲೆ ಆ ಅಕ್ಷರವೂ ಬಂತು ಅಂತಾರೆ. ಮುಂದೆ ಸಂಜೆ ಹೊತ್ತು ಇಬ್ಬರೂ ಅಂಗಳದಲ್ಲಿ ಕೂರತೊಡಗಿದರು. ಅವನು ಯವನರ ಮಾತಲ್ಲಿ ಒಂದು ಸಾಲು ಓದುವುದು, ಇವಳು ಅದನ್ನೇ ಕನ್ನಡದಲ್ಲಿ ಹೇಳುವುದು. ಊರು ನೆರೆಯಿತು. ಬರೀ ಅರ್ಥ ಹೇಳಿದರೆ ಜನ ಒಪ್ಪುತ್ತಿರಲಿಲ್ಲ, ಅಜ್ಜನ ದನಿಯೂ ಬೇಕಿತ್ತು ಅವರಿಗೆ.

ಆಗ ಹಂಗರಕೋಡಿಗೂ ಹೊಳೆಯಾಚೆಯ ಬೆಳ್ಳಂಬಡಿಗೂ ಮೀನಿನ ಮಡುವಿಗಾಗಿ ಹೊಡೆದಾಟ. ಆಚೆಯ ಹುಡುಗನೊಬ್ಬ ಸತ್ತಿದ್ದ. ಈಚೆ ಊರಗೌಡ ಜಟ್ಟಪ್ಪನ ಮಗ ಸತ್ತಿದ್ದ. ಜಟ್ಟಪ್ಪ ದಿನಾ ಬಂದು ಎಲ್ಲರಿಗಿಂತ ಮುಂದೆ ಕೂರುತ್ತಿದ್ದ. ಯವನರು ವೈರಿಗಳನ್ನು ಹೊಡೆದದ್ದು ಕೇಳಿದರೆ ಅವನಿಗೆ ಒಂದಿಷ್ಟು ಸಮಾಧಾನ.

ಯವನರು ಗೆದ್ದ ದಿನದ ಓದು ಬಂತು. ಆದರೆ ಪದ್ಯ ಅಲ್ಲಿಗೆ ನಿಲ್ಲಲಿಲ್ಲ. ಸೋತ ಪಟ್ಟಣದ ತಾಯಿಯೊಬ್ಬಳು ಹೆಣಗಳ ನಡುವೆ ಮಗನನ್ನು ಹುಡುಕುತ್ತ ಅಳುತ್ತಾಳೆ. ಯವನಜ್ಜ ಓದಿದ. ಬೀರಕ್ಕ ಬಲೆ ಬದಿಗಿಟ್ಟು, ಸೋತವರ ತಾಯಿ ಅಳುತ್ತಾಳೆ ಅಂತ ಅರ್ಥ ಹೇಳಲು ಶುರು ಮಾಡಿದಳು.

“ವೈರಿಯ ಅಳು ನಮಗ್ಯಾಕೆ ಬೀರಕ್ಕ? ಅದನ್ನ ಬಿಟ್ಟು ಮುಂದೆ ಹೇಳು,” ಅಂದ ಜಟ್ಟಪ್ಪ.

“ಗೆದ್ದವರೇ ಬರೆದದ್ದು ಗೌಡ್ರೇ. ಅವರೇ ಬಿಡಲಿಲ್ಲ, ನಾನು ಹೆಂಗೆ ಬಿಡ್ಲಿ?”

ಹೇಳಿದಳು. ಒಂದು ಸಾಲೂ ಬಿಡದೆ ಹೇಳಿದಳು. ಜಟ್ಟಪ್ಪ ಎದ್ದು ಹೋದ. ಅವನ ಹಿಂದೆ ಊರೂ ಎದ್ದು ಹೋಯಿತು. ಅವಳ ಬಲೆ ಕೊಳ್ಳುವವರಿಲ್ಲದೆ ಆ ಮಳೆಗಾಲವನ್ನು ಇಬ್ಬರೂ ಕಾಡುಗೆಡ್ಡೆ ತಿಂದು ಕಳೆದರು ಅಂತಾರೆ. ತಪ್ಪು ಹೇಳಿದೆನೇನೋ ಅಂತ ಬೀರಕ್ಕನಿಗೆ ಎಷ್ಟೋ ಸಲ ಅನ್ನಿಸಿತು. ಸುರುಳಿ ಬಿಚ್ಚಿ ಮತ್ತೆ ಆ ಸಾಲು ನೋಡುವಳು. ಅಲ್ಲಿ ಬೇರೆ ಅರ್ಥವಿರಲಿಲ್ಲ.

ಮಳೆ ಬಿಟ್ಟ ಮೇಲೆ ಒಂದು ಮಧ್ಯಾಹ್ನ ಜಟ್ಟಪ್ಪನ ಹೆಂಡತಿ ಸೋಮಕ್ಕ ಬಂದಳು. ಆ ತಾಯಿಯ ಭಾಗ ಇನ್ನೊಮ್ಮೆ ಓದಿಸು ಅಂದಳು. ಮಗ ಸತ್ತ ದಿನ ಗಂಡ ಅವಳನ್ನು ಜೋರಾಗಿ ಅಳಲು ಬಿಟ್ಟಿರಲಿಲ್ಲವಂತೆ, ವೈರಿಗೆ ಕೇಳಿಸೀತು ಅಂತ. ಯವನಜ್ಜ ಓದಿದ, ಬೀರಕ್ಕ ಹೇಳಿದಳು, ಸೋಮಕ್ಕ ಅತ್ತಳು. ಹೊಳೆಯಾಚೆಗೂ ಕೇಳುವ ಹಾಗೆ ಅತ್ತಳು.

ಮಾರನೇ ದಿನ ಆಚೆಯಿಂದ ಒಂದು ದೋಣಿ ಬಂತು. ಆಚೆ ಊರಲ್ಲಿ ಸತ್ತಿದ್ದ ಹುಡುಗನ ತಾಯಿ ಕುಪ್ಪಿ, ಆ ಅಳು ಕೇಳಿ ಒಬ್ಬಳೇ ಹುಟ್ಟು ಹಾಕುತ್ತ ಬಂದಿದ್ದಳು. ಜಟ್ಟಪ್ಪ ದಡದಲ್ಲಿ ನಿಂತಿದ್ದ. ನೀರಿಗಿಳಿದು ದೋಣಿಯ ಹಗ್ಗ ಹಿಡಿದು ಗೂಟಕ್ಕೆ ಕಟ್ಟಿದ ಅಂತಾರೆ.

ಯವನಜ್ಜನೂ ಹೋದ, ಬೀರಕ್ಕನೂ ಹೋದಳು, ಸುರುಳಿ ಹುಳ ಹಿಡಿದು ಹೋಯಿತು. ಇವತ್ತಿಗೂ ಹಂಗರಕೋಡಿಯಲ್ಲಿ ಯಾವ ದೇಶದ ಪದ್ಯ ಓದಿದರೂ ಮೊದಲು ಮೂಲದ ಸಾಲು, ಆಮೇಲೆ ಕನ್ನಡದ ಅರ್ಥ. ಸೋತವರ ಅಳು ಬಂದಾಗ ಓದುವವರು ದನಿ ತಗ್ಗಿಸುವುದಿಲ್ಲ. ಕೇಳುವವರು ಯಾರೂ ಏಳುವುದಿಲ್ಲ.